ಕೇಬಲ್ ರವೀಶನ ಅರ್ಧರ್ಧ ಸಿನಿಮಾಗಳು

ಹತ್ತು ವರ್ಷದ ಹುಡುಗನೊಬ್ಬ ತನ್ನ ತಾಯಿಗೆ ಒಂದು ಮಾತು ಕೊಟ್ಟಿದ್ದ. ಅದು ಭಾನುವಾರದ ಸಂಜೆ. ಹಳ್ಳಿಮೈಸೂರು ಹೋಬಳಿಯ ಊರೊಂದರ ಗದ್ದೆ ಬದುವಿನ ಮೇಲೆ ಇಬ್ಬರೂ ಮನೆ ಕಡೆ ನಡೆಯುತ್ತಿದ್ದರು. ಊರಿಗೆಲ್ಲ ಒಂದೇ ಟೀವಿ, ಅದು ರಾಮಣ್ಣನವರ ಮನೆಯಲ್ಲಿ. ವಾರಕ್ಕೊಂದು ಸಿನಿಮಾ. ಅಂಗಳದಲ್ಲಿ ಕೂತು ಬಾಗಿಲೊಳಗೆ ಕಣ್ಣು ನೆಟ್ಟವರಿಗೆ ಅದರ ಮುಕ್ಕಾಲು ಭಾಗ ಸಿಕ್ಕರೆ ಹೆಚ್ಚು. ಮನೆಯವರು ಊಟಕ್ಕೇಳುವ ಹೊತ್ತಾದರೆ ಟೀವಿ ಆರುತ್ತಿತ್ತು, ‘ಇನ್ನು ನಡೀರಪ್ಪ’ ಎಂಬ ಮಾತು ಬರುತ್ತಿತ್ತು. ಆ ಸಂಜೆಯೂ ಅಷ್ಟೇ ಆಯಿತು. ಹುಡುಗ ಅಳು ನುಂಗಿಕೊಂಡು ಹೇಳಿದ: “ಅವ್ವಾ, ನಾನ್ ದೊಡ್ಡೋನಾದ್ಮೇಲೆ ನಮ್ಮನೇಗೇ ಟೀವಿ ತತ್ತೀನಿ. ನೀನೂ ನಾನೂ ಜೊತೇಲಿ ಕೂತ್ಕೊಂಡು ಸುರುವಿಂದ ಕಡೇಗಂಟ ಒಂದ್ ಸಿನಿಮಾ ನೋಡ್ಬುಡಾನ.”

“ಆಯ್ತು ನಡೀಲಾ. ಉಳ ಉಪ್ಟೆ ಇರ್ತವೆ, ಕಾಲ್ ನೋಡ್ಕೊಂಡು ಆಕು” ಅಂದರು ತಾಯಿ ಪಾಪಮ್ಮ.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ. ಹೆಸರು ರವೀಶ್. ಹೊಳೆನರಸೀಪುರದಿಂದ ಹಳ್ಳಿಮೈಸೂರಿನವರೆಗೆ ರಸ್ತೆಯ ಎರಡೂ ಬದಿಯ ಊರುಗಳಲ್ಲಿ ಬರೀ ರವೀಶ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕೇಬಲ್ ರವೀಶ ಅನ್ನಬೇಕು. ಟೀವಿ ಕೆಟ್ಟಾಗ ನೆನಪಾಗುವ ಹೆಸರು, ಸರಿಯಾದ ಮೇಲೆ ಮರೆತುಹೋಗುವ ಹೆಸರು.

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಾಲೆಯ ಕಡೆಯಿಂದ ಎದ್ದ ಮಂಜು ಹಳ್ಳಿಮೈಸೂರಿನ ಹಿಂಬದಿಯ ಬೀದಿಯನ್ನು ತುಂಬಿಕೊಂಡಿದೆ. ಕಂಬಕ್ಕೆ ಒರಗಿಸಿದ ಬಿದಿರೇಣಿಯ ತುದಿಯಲ್ಲಿ ರವೀಶ್ ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ನಿಂತಿದ್ದಾರೆ. ರಾತ್ರಿ ಕೋತಿಗಳು ಕೇಬಲ್ ಕಡಿದುಹಾಕಿವೆ. ಕೆಳಗೆ ಅಂಗಳಕ್ಕೆ ನೀರು ಹಾಕುತ್ತಿರುವ ಚಿಕ್ಕಲಕ್ಷ್ಮಮ್ಮನವರಿಗೆ ಎಪ್ಪತ್ತರ ವಯಸ್ಸು, ಆದರೆ ದನಿ ಮೂರು ಮನೆ ಆಚೆಗೂ ಕೇಳುತ್ತದೆ.

“ಬೇಗ ಆಗ್ಲಿ ಕಣ್ಲಾ ರವೀಶ, ರಾಶಿಫಲ ಸುರುವಾಯ್ತದೆ.”

ರವೀಶ್ ಟಾರ್ಚು ಕೈಗೆ ತೆಗೆದುಕೊಳ್ಳುತ್ತಾರೆ. “ನಿಮ್ದು ಯಾವ್ ರಾಶಿ ಅಮ್ಮಾ?”

“ಯಾವ್ದೋ ಒಂದು. ಅನ್ನೆರಡೂ ಕೇಳ್ತೀನಿ, ಅದ್ರಲ್ಲಿ ಚೆನ್ನಾಗಿರೋದ್ನ ಇಟ್ಕೊತೀನಿ.”

ತುಂಡಾದ ಎರಡು ತುದಿಗಳ ಸಿಪ್ಪೆ ಕೆತ್ತಿ, ಒಳಗಿನ ತಾಮ್ರದ ಎಳೆಗೆ ಕನೆಕ್ಟರ್ ಕೂರಿಸಿ, ಬಿಗಿದು, ಟೇಪು ಸುತ್ತಿ ರವೀಶ್ ಇಳಿಯುತ್ತಾರೆ. ಕೆಲಸ ಮುಗಿದರೂ ಹೊರಡುವುದಿಲ್ಲ. ಚಿಕ್ಕಲಕ್ಷ್ಮಮ್ಮನವರದು ಆ ಲೈನಿನ ಕೊನೆಯ ಮನೆ. ಅಲ್ಲಿ ಚಿತ್ರ ಅಲುಗದೆ ನಿಂತರೆ ಹಿಂದಿನ ಅಷ್ಟೂ ಮನೆಗಳಲ್ಲಿ ನಿಂತಂತೆ. ಹೊಸ ಜಾಯಿಂಟು ಮೊದಲು ಚೆನ್ನಾಗಿಯೇ ಇದ್ದು, ಸ್ವಲ್ಪ ಹೊತ್ತಿಗೆ ಚಿತ್ರ ಒಡೆದು ಚೌಕ ಚೌಕವಾಗುವುದುಂಟು. ಅದಕ್ಕೇ ಹತ್ತು ನಿಮಿಷ ಕಾದು, ಕಣ್ಣಾರೆ ನೋಡಿಕೊಂಡೇ ಹೊರಡಬೇಕೆಂಬುದು ಈ ಕೆಲಸದ ಕಟ್ಟಳೆ. ರವೀಶ್ ಹೊಸಿಲಿನ ಹೊರಗೆ ನಿಂತು ಕುತ್ತಿಗೆ ಚಾಚುತ್ತಾರೆ. ಒಳಗೆ ಕರೆಯುವ ಮನೆಗಳೂ ಇವೆ, ಕರೆಯದ ಮನೆಗಳೂ ಇವೆ. ಅವರು ನಿಲ್ಲುವುದು ಎಲ್ಲ ಕಡೆಯೂ ಹೊಸಿಲಿನಲ್ಲೇ. ಕೇಳಿದರೆ, “ಕಾಲೆಲ್ಲ ಮಣ್ಣಾಗಿರ್ತದೆ ಸಾ” ಅನ್ನುತ್ತಾರೆ.

ಟೀವಿ ಬೆಚ್ಚಗಾಗುವ ಹೊತ್ತಿಗೆ ಚಿಕ್ಕಲಕ್ಷ್ಮಮ್ಮನವರಿಗೆ ಹಿಂದಿನ ಸಂಜೆಯ ಸಿನಿಮಾ ನೆನಪಾಗುತ್ತದೆ. “ನೆನ್ನೆ ನೋಡಿದ್ಯೇನ್ಲಾ? ಒಬ್ನೇ ನೂರಾಳಿಗೆ ಒಡೀತಾನೆ. ಆ ನೂರಾಳಿಗೂ ಮನೇಲಿ ಎಂಡ್ರು ಮಕ್ಳು ಇರಾಕಿಲ್ವಾ? ಕೈಕಾಲ್ ಮುರ್ಕೊಂಡು ಓದ್ರೆ ಅವ್ರಿಗೆ ಗಂಜಿ ಕಾಯ್ಸೋರ್ಯಾರು?”

“ಅವ್ರು ಮುಂದಿನ್ ಸಿನಿಮಾದಲ್ಲೂ ಬತ್ತಾರೆ ಕಣಮ್ಮ, ಎಲ್ಲ ವಾಸಿಯಾಗಿರ್ತದೆ.”

“ಕಡೇಗಾದ್ರೂ ಆ ಈರೋ ಬುದ್ಧಿ ಕಲೀತಾನೆ ಅಂದ್ಕಂಡೆ. ಕಡೇಲೂ ಒಡ್ದ.”

“ಅಂಗಾ? ನಾನ್ ಕಡೇದು ನೋಡ್ಲಿಲ್ಲ.”

ರವೀಶ್ ಕಡೆಯದು ನೋಡುವುದೇ ಇಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಅವರು ಹೊಸಿಲಲ್ಲಿ ನಿಂತು ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ, ಆದರೆ ಎಲ್ಲವೂ ತುಂಡುಗಳು. ಒಂದು ಮನೆಯಲ್ಲಿ ನಾಯಕ ಕೊಲೆ ಆರೋಪ ಹೊತ್ತು ಓಡುತ್ತಿರುತ್ತಾನೆ, ಅವನೇ ಮಾಡಿದ್ದೋ ಅಲ್ಲವೋ ತಿಳಿಯುವಷ್ಟರಲ್ಲಿ ಮುಂದಿನ ಬೀದಿಯಿಂದ ಫೋನು. ಅಲ್ಲಿ ಹೋಗಿ ನಿಂತರೆ ಇನ್ನಾವುದೋ ಸಿನಿಮಾದಲ್ಲಿ ಮದುವೆ ನಿಂತುಹೋಗಿರುತ್ತದೆ, ಯಾಕೆಂದು ಗೊತ್ತಿಲ್ಲ. ಹಾಗಂತ ಅಭಿಪ್ರಾಯಕ್ಕೇನೂ ಬರವಿಲ್ಲ.

“ಫೈಟಿಂಗ್ ಸಿನಿಮಾ ಚೆಕಿಂಗಿಗೆ ಒಳ್ಳೇದು ಸಾ. ಎಲ್ಲಾ ಅಲ್ಲಾಡ್ತಾ ಇರ್ತದಲ್ಲ, ಸಿಗ್ನಲ್ ವೀಕಿದ್ರೆ ಆಗ್ಲೇ ಚಿತ್ರ ಒಡ್ದೋಯ್ತದೆ. ಕಾಮಿಡಿ ಅದ್ಕಾಗಾಕಿಲ್ಲ, ಕೂತಲ್ಲೇ ಕೂತು ಮಾತಾಡ್ತಿರ್ತಾರೆ. ಮನೆಯೋರು ನಗ್ತಾ ಇದ್ರೆ ಸೌಂಡ್ ಸರ್ಯಾಗೈತೆ ಅಂತ, ಅಷ್ಟೇಯ. ಮಾಯಾಮಂತ್ರದ್ದಂತೂ ಶುದ್ಧ ಮೋಸ. ಮನುಷ್ಯ ಇದ್ದಕ್ಕಿದ್ದಂಗೆ ಮಾಯ ಆದ ಅನ್ನಿ, ಅವ್ನು ಸಿನಿಮಾದಲ್ಲೇ ಮಾಯ ಆದ್ನೋ, ನಮ್ ಲೈನಲ್ಲಿ ಓದ್ನೋ ಗೊತ್ತಾಗಾಕಿಲ್ಲ.”

ಹತ್ತನೇ ತರಗತಿಗೆ ಓದು ನಿಂತ ಮೇಲೆ ರವೀಶ್ ಸೇರಿದ್ದು ಹೊಳೆನರಸೀಪುರದ ಮೋಹನ್‌ಕುಮಾರ್ ಅವರ ಕೇಬಲ್ ಆಫೀಸಿಗೆ. ಆಗ ಲೈನ್ ಎಳೆಯುವುದೆಂದರೆ ತೆಂಗಿನ ಮರದಿಂದ ತೆಂಗಿನ ಮರಕ್ಕೆ. ಮರದ ಯಜಮಾನರನ್ನು ಒಪ್ಪಿಸುವುದೇ ಅರ್ಧ ಕೆಲಸ. ಒಮ್ಮೆ ಮರದಿಂದ ಬಿದ್ದು ಎಡಗೈ ಮುರಿಯಿತು. ಇನ್ನೊಮ್ಮೆ ಕರೆಂಟಿನ ತಂತಿ ತಗುಲಿ ಅಂಗೈ ಸುಟ್ಟಿತು. ಆ ಚರ್ಮ ಇವತ್ತಿಗೂ ಬಿಗಿದುಕೊಂಡೇ ಇದೆ, ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಡಿಶ್ ಬಂತು, ಆಮೇಲೆ ಮೊಬೈಲೇ ಟೀವಿಯಾಯಿತು. ಜೊತೆಗಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಒಬ್ಬರು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮೂಟೆ ಹೊರುತ್ತಾರೆ, ಇನ್ನೊಬ್ಬರು ಅರಕಲಗೂಡಿನಲ್ಲಿ ಗೂಡ್ಸ್ ಆಟೊ ಓಡಿಸುತ್ತಾರೆ. ಉಳಿದಿರುವುದು ರವೀಶ್ ಮತ್ತು ಪೇಟೆಯೊಳಗಿನ ಮನೆಗಳನ್ನು ನೋಡಿಕೊಳ್ಳುವ ರಜನೀಶ್, ಇಬ್ಬರೇ. “ಇನ್ನೂ ಕೇಬಲ್ ಇಟ್ಕೊಂಡಿರೋರು ಯಾರು ಯೋಳಿ? ವಯಸ್ಸಾದೋರು, ಮನೇಲೇ ಇರೋ ಎಣ್ಮಕ್ಳು. ಅವ್ರಿಗೆ ಸಂಜೆಗೆ ಅದೊಂದೇಯ. ಅದೂ ಓದ್ರೆ ಗೋಡೆ ನೋಡ್ತಾ ಕೂರ್ಬೇಕು” ಅನ್ನುತ್ತಾರೆ ರವೀಶ್.

ರವೀಶ್ ಊರು ಬಿಟ್ಟು ಹೊಳೆನರಸೀಪುರ ಪೇಟೆಯ ಅಂಚಿಗೆ ಬಂದು, ಮದುವೆಯಾಗಿ, ಮನೆಗೆ ಮೊದಲು ತಂದದ್ದು ಟೀವಿಯನ್ನೇ. ಪಾಪಮ್ಮ ಆವತ್ತು ಅದಕ್ಕೆ ಕುಂಕುಮ ಇಟ್ಟಿದ್ದರಂತೆ. ಆದರೆ ಮಗ ಪಕ್ಕದಲ್ಲಿ ಕೂರಬೇಕಲ್ಲ? ಭಾನುವಾರ ಸಂಜೆ ಎಲ್ಲರ ಮನೆಯಲ್ಲೂ ಟೀವಿ ಹಚ್ಚಿರುತ್ತಾರೆ, ಹಾಗಾಗಿ ಎಲ್ಲರ ದೂರೂ ಆಗಲೇ ಬರುತ್ತದೆ. ಸಿನಿಮಾದ ಹೆಸರು ಬೀಳುವಷ್ಟರಲ್ಲಿ ಒಮ್ಮೆ, ಮೊದಲ ಹಾಡು ಮುಗಿಯುವಷ್ಟರಲ್ಲಿ ಒಮ್ಮೆ ರವೀಶ್ ಎದ್ದು ಹೋದರು. ಮುಂದಿನ ವಾರ ಕೂತರಾಯಿತು ಅಂದುಕೊಂಡರು. ವಾರಗಳು ಹಾಗೇ ಸೇರಿ ವರ್ಷಗಳಾದವು.

ಪಾಪಮ್ಮ ಬೇಜಾರು ಮಾಡಿಕೊಂಡವರಲ್ಲ. ಮಗ ಉಣ್ಣಲು ಕೂತಾಗ ಕಥೆ ಹೇಳುವುದು ಅವರ ಪಾಲಿಗೆ ಬಂತು. ಇಡೀ ಜೀವಮಾನ ಕಳೆ ಕಿತ್ತು, ನಾಟಿ ಹಾಕಿ, ಯಾರದೋ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸು ಸಿನಿಮಾದವರಿಗೆ ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ. ಹೊಡೆದಾಟದ್ದಾದರೆ, “ಇಷ್ಟೊಂದ್ ಸಗ್ತಿ ಇಟ್ಕೊಂಡು ಒಂದ್ ದಿನಾನಾದ್ರೂ ಗುದ್ಲಿ ಇಡ್ದಿದ್ನಾ ಕೇಳು.” ತಮಾಷೆಯದಾದರೆ, “ನಗಾಡ್ಸಿದ, ಸರಿ. ಅದ್ಕೆ ಆ ದಪ್ಪನೋನ್ಗೆ ಅಷ್ಟೊಂದ್ ಅಂಗಿಸ್ಬೇಕಾಗಿತ್ತಾ?” ಅವರಿಗೆ ಹಿಡಿಸುತ್ತಿದ್ದದ್ದು ಮಾಯಾಮಂತ್ರದ ಸಿನಿಮಾ. ಆನೆ ಹಾರಬೇಕು, ಬಾವಿಯೊಳಗೆ ಅರಮನೆ ಇರಬೇಕು. “ನಡ್ಯೋದ್ನ ನೋಡಾಕೆ ಸಿನಿಮಾ ಯಾಕ್ಲಾ? ನಡ್ಯೋದ್ನ ದಿನಾ ನೋಡ್ತೀನಲ್ಲ” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಪಾಪಮ್ಮ ಮಗನ ಹತ್ತಿರ ಒಂದು ದೂರು ಹೇಳಿದರು. “ಟೀವಿ ಅಂಚೆಲ್ಲ ಕತ್ಲಾಯ್ತದೆ ಕಣ್ಲಾ. ನಡೂಕೆ ಮಾತ್ರ ಕಾಣ್ತದೆ.”

ರವೀಶ್ ಹಚ್ಚಿ ನೋಡಿದರು. “ನಂಗೆ ಸರ್ಯಾಗೇ ಕಾಣ್ತೈತಲ್ಲವ್ವ.”

“ನೀನ್ ಬಂದಾಗ ಸರ್ಯಾಯ್ತದೆ. ನೀನ್ ಓದ್ಮೇಲೆ ಅದೇ ಕತೆ.”

ಈ ಮಾತನ್ನು ರವೀಶ್ ಮನೆ ಮನೆಯಲ್ಲೂ ಕೇಳಿದವರು. ಲೈನಿನವನು ಬಂದಾಗ ಅಡಗಿಕೊಂಡು, ಹೋದ ಮೇಲೆ ತಲೆ ಎತ್ತುವ ದೂರುಗಳು ಎಷ್ಟೋ ಇರುತ್ತವೆ. ಅವಕ್ಕೆ ಮದ್ದೂ ಗೊತ್ತು. ಮೊದಲು ಕನೆಕ್ಟರ್ ಬದಲಾಯಿಸಿದರು. ಕಂಬದಿಂದ ಮನೆಗೆ ಬರುವ ಕೇಬಲನ್ನೇ ಕಿತ್ತು ಹೊಸದು ಎಳೆದರು. ಸೆಟ್‌ಟಾಪ್ ಬಾಕ್ಸ್ ಬೇರೆ ಹಾಕಿದರು. “ಈಗೆಂಗೈತವ್ವ?” ಅಂದರೆ, ಮಗ ಇಷ್ಟು ಒದ್ದಾಡಿದ್ದಾನಲ್ಲ ಎಂದು ಪಾಪಮ್ಮ “ವಸಿ ವಾಸಿ ಬುಡು” ಅನ್ನುತ್ತಿದ್ದರು. ತಿಂಗಳು ಕಳೆದು ಮತ್ತೆ ಅದೇ ದೂರು. ಕೊನೆಗೆ ಹಳೇ ಟೀವಿಯ ಆಯಸ್ಸು ಮುಗಿಯಿತೆಂದು ತೀರ್ಮಾನಿಸಿ ದೊಡ್ಡದೊಂದನ್ನು ತಂದು ಗೋಡೆಗೆ ತೂಗುಹಾಕಿದರು. ದೊಡ್ಡದರಲ್ಲಿ ಕತ್ತಲೆಯೂ ದೊಡ್ಡದಾಯಿತು.

ಕಂಡುಹಿಡಿದದ್ದು ರವೀಶ್ ಅವರ ಹೆಂಡತಿ ಯಮುನಾ. ಹಾಸನದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆಯ ಮೇಲೆ ಕಣ್ಣಿಟ್ಟು ಬರುವವರು. ಅತ್ತೆ ಸಾರು ಬಡಿಸುವಾಗ ಸೌಟು ತಟ್ಟೆಯ ಆಚೆಗೆ ಹೋಗುವುದನ್ನು, ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ತಾಗುವುದನ್ನು ಅವರು ಒಂದು ವಾರ ಸುಮ್ಮನೆ ಗಮನಿಸಿದರು. ಆಮೇಲೆ ಗಂಡನಿಗೆ ಹೇಳಿದರು: “ಟೀವಿದಲ್ಲ ಕಣ್ರೀ ತೊಂದ್ರೆ. ಅತ್ತೆ ಕಣ್ಣಿಂದು.”

ಹಾಸನದ ಕಣ್ಣಿನ ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ಇದು ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುವ ಕಾಯಿಲೆ. ಮೊದಲು ಅಂಚಿನ ನೋಟ ಹೋಗುತ್ತದೆ, ಆಮೇಲೆ ನಡುವಿನದು. ಹೋದದ್ದು ತಿರುಗಿ ಬರುವುದಿಲ್ಲ. ಉಳಿದಿರುವುದು ಸ್ವಲ್ಪವೇ, ಅದನ್ನು ಔಷಧಿ ಎಷ್ಟು ದಿನ ಹಿಡಿದಿಟ್ಟರೆ ಅಷ್ಟು. ವರ್ಷದ ಮುಂಚೆ ಬಂದಿದ್ದರೆ ಚೆನ್ನಾಗಿತ್ತು. ವರ್ಷದ ಮುಂಚೆ ರವೀಶ್ ಕಂಬದಿಂದ ಮನೆಗೆ ಹೊಸ ಕೇಬಲ್ ಎಳೆಯುತ್ತಿದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಪಾಪಮ್ಮ ಕೇಳಿದರು: “ಒಳಗಿನ್ ಲೈನ್ ಬದ್ಲಾಯ್ಸಾಕಾಗಾಕಿಲ್ವಂತಾ?”

“ಇಲ್ಲವ್ವ.”

“ಓಗ್ಲಿ ಬುಡು. ಬೇಕಾದಂಗೆ ನೋಡಿವ್ನಿ.” ಆಮೇಲೆ ಅವರೇ ಅಂದರು, “ನಿನ್ ಜೊತೆ ಒಂದ್ ನೋಡ್ಬೇಕಿತ್ತು, ಅಷ್ಟೇಯ.”

ಅವ್ವ ಮರೆತಿದ್ದಾರೆ ಎಂದೇ ರವೀಶ್ ಇಷ್ಟು ವರ್ಷ ತಿಳಿದಿದ್ದರು.

ಕಳೆದ ಸುಗ್ಗಿಯ ಹೊತ್ತಿನಲ್ಲಿ ಒಂದು ಭಾನುವಾರ ಗೊತ್ತುಮಾಡಿದರು. ಮೋಹನ್‌ಕುಮಾರ್ ಅವರಿಗೆ ಮೊದಲೇ ಹೇಳಿ ರಜೆ ಪಡೆದರು. ಎಲ್ಲ ಕಡೆಯನ್ನೂ ರಜನೀಶ್ ನೋಡಿಕೊಳ್ಳುವುದೆಂದು ಮಾತಾಯಿತು. ಸಂಜೆ ಟೀವಿಯಲ್ಲಿ ತೆಲುಗಿನಿಂದ ಕನ್ನಡಕ್ಕೆ ತಂದ ಮಾಯಾಮಂತ್ರದ ಸಿನಿಮಾ ಇತ್ತು. ಮಾಂತ್ರಿಕನೊಬ್ಬ ರಾಜಕುಮಾರನನ್ನು ಕಲ್ಲಾಗಿಸುತ್ತಾನೆ. ಕಲ್ಲಾಗುವ ಮುಂಚೆ ಅವನ ನೆರಳು ಮಾತ್ರ ತಪ್ಪಿಸಿಕೊಂಡು ಊರೂರು ಅಲೆಯುತ್ತದೆ. ಪಾಪಮ್ಮ ಕೈಕಾಲು ತೊಳೆದು ತಲೆ ಬಾಚಿಕೊಂಡು ಗೋಡೆಗೆ ಒರಗಿ ಕೂತರು. ರವೀಶ್ ಫೋನನ್ನು ಯಮುನಾ ಕೈಗೆ ಕೊಟ್ಟು ಅವ್ವನ ಪಕ್ಕ ಚಾಪೆಯ ಮೇಲೆ ಕೂತರು. ಹೆಸರು ಬೀಳುವುದನ್ನೂ ನೋಡಿದರು.

ಪಾಪಮ್ಮನಿಗೆ ಆಗ ಉಳಿದಿದ್ದದ್ದು ನಡುವಿನ ಒಂದು ಚೂರು ಬೆಳಕು. ನೆರಳು ಆ ಚೂರಿನಿಂದಾಚೆ ಹೋದ ಕೂಡಲೇ ಮಗನ ತೊಡೆ ತಟ್ಟುತ್ತಿದ್ದರು.

“ಎಲ್ಗೋಯ್ತು?”

“ಗೋಡೆ ಅತ್ತಿ ಓಯ್ತಾ ಐತೆ ಕಣವ್ವ. ಈಗ ಚಾವಣಿ ಮೇಲೆ ಮಲಗ್ತು.”

“ಮಾತಾಡಾಕಿಲ್ವಾ ಅದು?”

“ಇಲ್ಲ. ನೆರಳಲ್ವಾ? ಬರೀ ಓಡಾಡ್ತದೆ.”

“ಪಾಪ. ಯಾರ್ ಮುಂದೆ ಯೋಳ್ಕೊಂಡಾದು” ಅಂದರು ಪಾಪಮ್ಮ. ಹೊಡೆದಾಟ ಬಂದಾಗ, “ಯಾರ್ ಯಾರ್ಗೆ ಒಡೀತಾ ಅವ್ರೆ, ಬೇಗ್ ಯೋಳು, ಬರೀ ಗದ್ಲ ಕೇಳ್ತದೆ” ಎಂದು ಅವಸರಿಸಿದರು. ರವೀಶ್ ಹೇಳುತ್ತಾ ಹೋದರು. ಮೊದಮೊದಲು ತಡವರಿಸಿದರು, ಆಮೇಲೆ ಕಥೆಯೇ ಅವರನ್ನು ಎಳೆದುಕೊಂಡು ಹೋಯಿತು. ಒಂದು ಸಿನಿಮಾದಲ್ಲಿ ಇಷ್ಟು ದೂರ ಅವರು ಹಿಂದೆಂದೂ ಬಂದಿರಲಿಲ್ಲ. ಮುಂದೇನಾದೀತೆಂದು ಎದೆ ಹೊಡೆದುಕೊಳ್ಳುತ್ತಿತ್ತು ಎಂದು ಈಗಲೂ ನಾಚುತ್ತಲೇ ಹೇಳುತ್ತಾರೆ.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಯಮುನಾ ಫೋನು ಹಿಡಿದು ಬಾಗಿಲಲ್ಲಿ ನಿಂತರು. ಎರಡು ಸಲ ಕಟ್ ಮಾಡಿದ್ದರು, ಮೂರನೆಯ ಸಲ ಎತ್ತಿದ್ದರು. ಹುಲ್ಲು ಹೇರಿಕೊಂಡು ಹೋಗುತ್ತಿದ್ದ ಟ್ರಾಕ್ಟರಿಗೆ ರಸ್ತೆಗೆ ಅಡ್ಡಲಾಗಿದ್ದ ಕೇಬಲ್ ಸಿಕ್ಕಿ, ಎರಡು ಕಂಬದಷ್ಟು ಉದ್ದ ಕಿತ್ತುಹೋಗಿದೆ. ಹಳ್ಳಿಮೈಸೂರಿನ ಕಡೆಯ ಲೈನು ಪೂರ್ತಿ ನಿಂತಿದೆ. ರಜನೀಶ್ ಹರದನಹಳ್ಳಿಯಲ್ಲಿ ಬೇರೊಂದು ಕಂಬದ ಮೇಲಿದ್ದಾರೆ. ಮೋಹನ್‌ಕುಮಾರ್ ಬೈಯಲಿಲ್ಲ. “ಬರ್ತೀಯಾ ಅಂತ ಕೇಳಮ್ಮ, ಬಲವಂತ ಇಲ್ಲ” ಅಂದರಂತೆ.

“ಇಲ್ಲ ಅಂದ್ಬುಡು” ಅಂದರು ರವೀಶ್.

ಪಾಪಮ್ಮ ಮುಖ ತಿರುಗಿಸಿದರು. “ಅಲ್ಲಿಯೋರೂ ಇದ್ನೇ ನೋಡ್ತಿದ್ರಾ?”

“ಇದ್ನೇ ನೋಡ್ತಿರ್ತಾರೆ.”

“ನೆರಳು ಎಲ್ಲಿದ್ದಾಗ ನಿಂತೋಯ್ತಂತೆ?”

“ನಂಗೇನ್ ಗೊತ್ತವ್ವ?”

“ನಡೂಕೆ ನಿಂತೋದ್ರೆ ಎಂಗಾಯ್ತದೆ ಅಂತ ನಂಗ್ ಗೊತ್ತು ಕಣ್ಲಾ. ಎದ್ದೋಗು.”

“ಅವ್ವಾ, ಇವತ್ತೊಂದಿನ…”

“ಓಗು ಅಂದೆ. ಯಮುನಾ ಯೋಳ್ತಾಳೆ ನಂಗೆ.”

ರವೀಶ್ ಎದ್ದರು. ಕತ್ತಲಾಗುತ್ತಿದ್ದ ರಸ್ತೆಯಲ್ಲಿ ಬೈಕಿನ ಹಿಂದೆ ಕೇಬಲ್ ಸುರುಳಿ ಕಟ್ಟಿಕೊಂಡು ಹೋದರು. ಟ್ರಾಕ್ಟರಿನವನೇ ಏಣಿ ಹಿಡಿದುಕೊಂಡ. ಇಷ್ಟು ಬೇಗ ಆ ಕೆಲಸ ಹಿಂದೆ ಯಾವತ್ತೂ ಮುಗಿದಿರಲಿಲ್ಲವಂತೆ. ನಡುನಡುವೆ ಜಾಹೀರಾತುಗಳಿರುತ್ತವೆ, ಓಡಿದರೆ ಕಡೆಯ ಭಾಗಕ್ಕಾದರೂ ಮನೆ ಸೇರಬಹುದು ಎಂಬ ಲೆಕ್ಕ ತಲೆಯಲ್ಲಿತ್ತು. ಆದರೆ ಹೊಸ ಜಾಯಿಂಟು ಹಾಕಿದ ಮೇಲೆ ಕೊನೆಯ ಮನೆಯಲ್ಲಿ ನಿಂತು ನೋಡದೆ ಬರುವ ಹಾಗಿಲ್ಲ.

ಚಿಕ್ಕಲಕ್ಷ್ಮಮ್ಮನವರ ಮನೆಯಲ್ಲಿ ಚಿತ್ರ ಬಂದಿತ್ತು. “ಬಂದ್ಯಾ, ನಿನ್ ವಟ್ಟೆ ತಣ್ಣಗಿರ್ಲಿ. ಒಳೀಕ್ ಬಾರ್ಲಾ” ಎಂದು ಕರೆದರು. ರವೀಶ್ ಹೊಸಿಲಲ್ಲೇ ನಿಂತರು. ಚಿತ್ರ ಒಂದೆರಡು ಸಲ ನಡುಗಿತು, ಆಮೇಲೆ ಅಲುಗದೆ ನಿಂತಿತು. ಕಲ್ಲಿನ ರಾಜಕುಮಾರನ ಮುಂದೆ ನೆರಳು ಬಂದು ಮಲಗಿತ್ತು. ಸೂರ್ಯ ಮೇಲೇರಿದಂತೆಲ್ಲ ಅದು ಗಿಡ್ಡವಾಗುತ್ತಾ ಬಂದು, ನಡು ಮಧ್ಯಾಹ್ನ ಕಲ್ಲಿನ ಕಾಲಡಿಗೆ ಸೇರಿಕೊಂಡಿತು. ಕಲ್ಲು ಅಲುಗಿತು. ರಾಜಕುಮಾರ ಉಸಿರೆಳೆದ. ಮುಗಿಯಿತು.

ರವೀಶ್ ಜೀವನದಲ್ಲಿ ಕಡೆಯದನ್ನು ನೋಡಿದ ಮೊದಲ ಸಿನಿಮಾ ಅದು. ಯಾರದೋ ಮನೆಯ ಬಾಗಿಲಲ್ಲಿ, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದುಕೊಂಡು.

ಮನೆಗೆ ಬಂದಾಗ ಟೀವಿ ಆರಿತ್ತು. ಯಮುನಾ ಕಥೆ ಹೇಳಲು ಹೋಗಿ ಸೋತಿದ್ದರು. ‘ನೆರಳು ಹೋಗ್ತಾ ಇದೆ ಅತ್ತೆ’ ಅಂದರೆ ‘ಎಲ್ಗೆ?’, ‘ಹೋಗ್ತಾ ಇದೆ’ ಅಂದರೆ ಮತ್ತೆ ‘ಎಲ್ಗೆ?’. ನಾಲ್ಕು ಸಲ ಕೇಳಿದ ಮೇಲೆ ಪಾಪಮ್ಮನೇ ‘ಆರ್ಸವ್ವ ಅದ್ನ’ ಅಂದಿದ್ದರು. ರವೀಶ್ ಕೈ ತೊಳೆದು ಬಂದು ಪಕ್ಕದಲ್ಲಿ ಕೂತು ಕಡೆಯದನ್ನು ಹೇಳಿದರು. ಪಾಪಮ್ಮ ಪೂರ್ತಿ ಕೇಳಿಸಿಕೊಂಡರು.

“ಅಷ್ಟೇನಾ?”

“ಅಷ್ಟೇ.”

“ಮದ್ಯಾನ್ಕ ಅನ್ನೋದು ದಿನಾ ಬತ್ತದಲ್ಲ. ಮದ್ಲೇ ಓಗಿ ನಿಂತ್ಕೊಳಾಕೆ ಏನಾಗಿತ್ತಂತೆ ಅದ್ಕೆ? ಊರೂರು ಯಾಕ್ ಸುತ್ಬೇಕಾಗಿತ್ತು? ಏನೂ ಚೆನ್ನಾಗಿಲ್ಲ ಬುಡು.” ಆಮೇಲೆ ಮಗನ ಸುಟ್ಟ ಅಂಗೈ ಎಳೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. “ಉಣ್ಣೋಗು.”

ಮತ್ತೊಂದು ಭಾನುವಾರ ಕೂರೋಣ ಎಂದು ಮಾತಾಯಿತು. ಆದರೆ ಯುಗಾದಿಗೆ ಮುಂಚೆಯೇ ನಡುವಿನ ಆ ಚೂರು ಬೆಳಕೂ ಹೋಯಿತು. ಈಗ ಪಾಪಮ್ಮ ಸಂಜೆ ಹೊತ್ತು ತಮಾಷೆಯ ಸಿನಿಮಾ ಹಾಕಿಸಿಕೊಂಡು ಕೇಳುತ್ತಾರೆ. ಅದಕ್ಕೆ ಕಿವಿ ಸಾಕು ಅನ್ನುತ್ತಾರೆ. ಹೊಡೆದಾಟ ಬಂದರೆ ಸೌಂಡು ಕಮ್ಮಿ ಮಾಡಿಸುತ್ತಾರೆ. ಮಾಯಾಮಂತ್ರದ್ದನ್ನು ಹಾಕಿಸುವುದೇ ಇಲ್ಲ. ರವೀಶ್ ಆರಕ್ಕೆ ಮುಂಚೆ ಏಣಿ ಹೆಗಲಿಗೇರಿಸಿ ಹೊರಡುತ್ತಾರೆ. ಅವರು ಹೋದಲ್ಲೆಲ್ಲ ಚಿತ್ರ ಅಲುಗದೆ ನಿಲ್ಲುತ್ತದೆ.

ಆ ಸಂಜೆ ಗದ್ದೆ ಬದುವಿನ ಮೇಲೆ ಕೊಟ್ಟ ಮಾತಿನ ಬಗ್ಗೆ ಕೇಳಿದರೆ ಅವರು ಸುತ್ತಿ ಬಳಸಿ ಮಾತಾಡುವುದಿಲ್ಲ. “ನಡ್ಸಾಕಾಗ್ಲಿಲ್ಲ ಸಾ” ಅನ್ನುತ್ತಾರೆ.